ಹೊರಗೆ ಬಿಟ್ಟ ಉಸಿರು

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ರೈಲು ಶಹಾಬಾದವನ್ನು ದಾಟಿ ವಾಡಿ ಜಂಕ್ಷನ್ನಿಗೆ ಬರುವ ಹೊತ್ತಿಗೆ ಕಿಟಕಿಯ ಹೊರಗಿನ ಲೋಕಕ್ಕೆ ಒಂದು ಬಗೆಯ ಬೂದು ಬಿಳುಪು ಹತ್ತಿರುತ್ತದೆ. ಅಲ್ಲಿಂದ ಒಂದು ಕವಲು ಪೂರ್ವಕ್ಕೆ ತಿರುಗಿ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾಯ್ದು ತಾಂಡೂರಿನ ಕಡೆಗೆ ಹೋಗುತ್ತದೆ. ದಾರಿಯ ಉದ್ದಕ್ಕೂ ಕಲ್ಲಿನ ಗಣಿಗಳು, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಹಾಸಿಕೊಂಡ ಪದರಗಳು, ದೂರದಲ್ಲಿ ಸಿಮೆಂಟು ಕಾರ್ಖಾನೆಗಳ ಕೊಳವೆಗಳು. ವಾಡಿಯ ಕಾರ್ಖಾನೆ 1968ರದು. ಶಹಾಬಾದಿನದು ಅದಕ್ಕೂ ಹಳೆಯದು, ನಿಜಾಮರ ಕಾಲದ್ದು. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅದು ಉತ್ತರದಲ್ಲಿ, ಕಾಡಿನ ಅಂಚಿನಲ್ಲಿ, ತನ್ನ ಪಾಡಿಗೆ ತಾನಿದೆ. ಅದರ ಮಾತು ಕೊನೆಗೆ ಬರುತ್ತದೆ.

ಶಹಾಬಾದಿ ಕಲ್ಲಿನ ಮೇಲೆ ಕಾಲಿಡದ ಕನ್ನಡಿಗನು ವಿರಳ. ಆದರೆ ತನ್ನ ಕಾಲ ಕೆಳಗಿರುವುದು ಅರೆಪಾಲು ಗಾಳಿ ಎಂಬುದನ್ನು ನೆನೆದವರು ಇನ್ನೂ ವಿರಳ. ನೂರು ಕಿಲೋ ಶುದ್ಧವಾದ ಸುಣ್ಣದ ಕಲ್ಲನ್ನು ಸುಟ್ಟರೆ ಸುಣ್ಣವಾಗಿ ಉಳಿಯುವುದು 56 ಕಿಲೋ; ಮಿಕ್ಕ 44 ಕಿಲೋ ಗಾಳಿಯಾಗಿ ಹಾರಿಹೋಗುತ್ತದೆ. ಆ ಗಾಳಿಯೇ ಇಂಗಾಲಾಮ್ಲ ವಾಯು. ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ. ನಾನು ಹಳೆಯ ಹೆಸರಿಗೆ ಒಗ್ಗಿದವನು. ಓದುಗರು ಅದನ್ನೇ ನಡೆಸಿಕೊಡಬೇಕು.

ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಸಾವು ಬದುಕುಗಳ ನಡುವೆ ಮಲಗಿದ ಮನುಷ್ಯನ ಉಸಿರನ್ನು ಅಳೆಯುವ ವಿದ್ಯೆಯನ್ನು ಕುರಿತು ಬರೆಯಹೊರಟವನಿಗೆ ಈ ಕಲ್ಲಿನ ಗೊಡವೆಯೇಕೆ ಎಂದು ಯಾರಾದರೂ ಕೇಳಿಯಾರು. ಆ ವಿದ್ಯೆ ಹುಟ್ಟಿದ್ದೇ ಸುಣ್ಣದಿಂದ ಎಂಬುದು ನನ್ನ ಉತ್ತರ.

ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ತರುಣ ವೈದ್ಯನು ಮೂತ್ರಕೋಶದ ಕಲ್ಲಿಗೆ ಮದ್ದು ಹುಡುಕಹೊರಟು ಸುಣ್ಣದ ಕಲ್ಲಿನ ಗುಟ್ಟನ್ನು ಕಂಡುಹಿಡಿದನು. 1754ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಅವನೊಪ್ಪಿಸಿದ ಪ್ರಬಂಧ, ಎರಡು ವರ್ಷಗಳ ಮೇಲೆ ಅದನ್ನು ಹಿಗ್ಗಿಸಿ ಅಚ್ಚು ಹಾಕಿಸಿದ ಬರಹ, ಇವೆರಡರಲ್ಲಿ ಅವನು ತೋರಿಸಿದ್ದು ಇಷ್ಟು: ಸುಟ್ಟಾಗ ಕಲ್ಲು ಕಳೆದುಕೊಳ್ಳುವ ತೂಕವು ಒಂದು ಗಾಳಿಯ ತೂಕ, ಆ ಗಾಳಿ ನಾವು ಉಸಿರಾಡುವ ಸಾಮಾನ್ಯ ಗಾಳಿಯಲ್ಲ. ಕಲ್ಲಿನಲ್ಲಿ ನೆಲೆಯಾಗಿ ನಿಂತಿದ್ದ ಈ ಗಾಳಿಗೆ ಅವನು ಸ್ಥಿರವಾಯು ಎಂಬ ಅರ್ಥದ ಹೆಸರಿಟ್ಟನು. ಮುಂದೆ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ಸುಣ್ಣದ ತಿಳಿನೀರಿಗೆ ಈ ಗಾಳಿಯನ್ನು ಹಾಯಿಸಿದರೆ ನೀರು ಹಾಲಿನಂತಾಗುತ್ತದೆ. ಮನುಷ್ಯನು ಉಸಿರು ಊದಿದರೂ ಹಾಗೆಯೇ ಆಗುತ್ತದೆ. ಕಲ್ಲಿನ ಒಡಲಲ್ಲಿದ್ದುದು ಮನುಷ್ಯನ ಒಡಲಿನಿಂದಲೂ ಬರುತ್ತಿದೆ!

ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನವನ್ನು ಕಲಿಸಿದ ನನಗೆ ಈ ಪ್ರಯೋಗದಷ್ಟು ನೆಚ್ಚಿನದು ಬೇರೊಂದಿರಲಿಲ್ಲ. ಎಲೆಯಡಿಕೆಯ ಚೀಲದಿಂದ ತೆಗೆದ ಒಂದು ಚಿಟಿಕೆ ಸುಣ್ಣ, ಒಂದು ಗಾಜಿನ ಲೋಟ, ಊದುವುದಕ್ಕೆ ಪಪ್ಪಾಯಿ ಎಲೆಯ ಪೊಳ್ಳು ದಂಟು. ಖರ್ಚಿಲ್ಲ. ಹುಡುಗನು ಊದುತ್ತಾನೆ, ತಿಳಿಯಾದ ನೀರು ಮಸಕಾಗಿ, ಮಜ್ಜಿಗೆಯಾಗಿ, ಕೊನೆಗೆ ಅಡಿಯಲ್ಲಿ ಬಿಳಿಯ ಹುಡಿ ಕೂರುತ್ತದೆ. ಆ ಹುಡಿ ಏನೆಂದು ಕೇಳಿ, ಉತ್ತರಕ್ಕೆ ಕಾಯದೆ, ತರಗತಿಯ ನೆಲವನ್ನು ಕಾಲಿನಿಂದ ತಟ್ಟಿ ತೋರಿಸುತ್ತಿದ್ದೆ. ಅದೇ ಕಲ್ಲು. ನಿನ್ನ ಉಸಿರೇ ಶಹಾಬಾದಿ ಕಲ್ಲಾಗಿ ಲೋಟದ ತಳದಲ್ಲಿ ಕೂತಿದೆ. ಸುಮ್ಮನೆ ಮಲಗಿರುವ ಪ್ರಾಯದ ಮನುಷ್ಯನೊಬ್ಬನು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ವ್ಯಯಿಸಿ, ಸುಮಾರು 200 ಮಿಲಿಲೀಟರ್ ಇಂಗಾಲಾಮ್ಲವನ್ನು ಹೊರಗೆ ಬಿಡುತ್ತಾನೆ. ಅವನ ಒಂದು ದಿನದ ಉಸಿರನ್ನೆಲ್ಲ ಹಿಡಿದು ಸುಣ್ಣದ ತಿಳಿಗೆ ಹಾಯಿಸಿದರೆ ಒಂದೂಕಾಲು ಕಿಲೋಗೂ ತುಸು ಹೆಚ್ಚು ಕಲ್ಲು ಸಿದ್ಧವಾಗುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದವರಿಗೂ ಇದು ನಂಬಿಕೆಯಾಗುವುದಿಲ್ಲ.

ನಮ್ಮ ಸೀಮೆಗೆ ಉಸಿರಿನ ಇನ್ನೊಂದು ಪರೀಕ್ಷೆಯೂ ಗೊತ್ತಿತ್ತು. ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದ ಕಾಲವದು. ಮುಚ್ಚಿಟ್ಟ ಕಾಳು ಸತ್ತ ವಸ್ತುವಲ್ಲ. ಅದೂ ಮೆಲ್ಲಗೆ ಉಸಿರಾಡುತ್ತದೆ. ಕತ್ತಲೆಯಲ್ಲಿ ಆಮ್ಲಜನಕವನ್ನು ಕುಡಿದು ಇಂಗಾಲಾಮ್ಲವನ್ನು ಬಿಡುತ್ತದೆ. ಅದರಿಂದಲೇ ಹುಳ ಸಾಯುತ್ತದೆ, ಕಾಳು ಕೆಡದೆ ಉಳಿಯುತ್ತದೆ. ಬಾಯಿ ತೆರೆದ ಕೂಡಲೇ ಇಳಿದ ಮನುಷ್ಯನೂ ಅಷ್ಟೇ ಸುಲಭವಾಗಿ ಸಾಯುತ್ತಾನೆ. ಅದಕ್ಕೇ ಹಿರಿಯರು ಬಾಯಿ ತೆರೆದು ಹೊತ್ತು ಕಾಯುತ್ತಿದ್ದರು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯನಿಗೂ ದಾರಿ; ಆರಿದರೆ ಇಲ್ಲ. ದೀಪಕ್ಕೂ ಪ್ರಾಣಕ್ಕೂ ಬೇಕಾದುದು ಒಂದೇ ಎಂಬುದನ್ನು ಅವರಿಗೆ ಯಾವ ಲವಾಸಿಯೇನೂ ಹೇಳಿಕೊಡಲಿಲ್ಲ.

ಲವಾಸಿಯೇ ಅದನ್ನು ತಕ್ಕಡಿಗೆ ಹಾಕಿ ತೋರಿಸಿದವನೆಂಬುದೂ ನಿಜ. ಲಾಪ್ಲಾಸನೊಡನೆ ಸೇರಿ ಅವನು ಗಿನಿಯಿಲಿಯೊಂದನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಕೂಡಿಸಿ, ಅದರ ಮೈಯ ಕಾವಿಗೆ ಕರಗಿದ ನೀರನ್ನೂ ಅದು ಬಿಟ್ಟ ಇಂಗಾಲಾಮ್ಲವನ್ನೂ ಅಳೆದು, ಅಷ್ಟೇ ಇಂಗಾಲಾಮ್ಲವನ್ನು ಕೊಡುವ ಇದ್ದಿಲಿನ ಕಾವಿನೊಡನೆ ಹೋಲಿಸಿದನು. ಲೆಕ್ಕ ಹೆಚ್ಚು ಕಡಿಮೆ ಕೂಡಿತು. ಉಸಿರಾಟವೆಂಬುದು ಮಂದವಾದ ಒಂದು ಉರಿ. 1790ರ ಸುಮಾರಿಗೆ ಸೆಗ್ಯಾ ಎಂಬ ಸಹಾಯಕನ ಮುಖಕ್ಕೆ ಮುಸುಕು ಬಿಗಿದು, ವಿಶ್ರಾಂತಿಯಲ್ಲಿ, ಉಂಡ ಮೇಲೆ, ದುಡಿಯುವಾಗ ಅವನೆಷ್ಟು ಆಮ್ಲಜನಕವನ್ನು ವ್ಯಯಿಸುತ್ತಾನೆಂದು ಅಳೆದನು. ಆ ಪ್ರಯೋಗದ ಚಿತ್ರವನ್ನು ಬರೆದವಳು ಅವನ ಹೆಂಡತಿ. ಚಿತ್ರದ ಒಂದು ಮೂಲೆಯಲ್ಲಿ ಲೆಕ್ಕ ಬರೆದುಕೊಳ್ಳುತ್ತ ತಾನೂ ಕುಳಿತಿದ್ದಾಳೆ. 1794ರ ಮೇ 8ರಂದು ಕ್ರಾಂತಿಯು ಅವನ ತಲೆಯನ್ನು ಕಡಿಯಿತು.

ಇಲ್ಲಿಗೆ ಎರಡು ಸಾಕ್ಷಿಗಳು ನಮ್ಮ ಮುಂದೆ ನಿಂತಂತಾಯಿತು. ಹಗೇವಿನ ದೀಪವು ಆಮ್ಲಜನಕ ಇದೆಯೇ ಎಂಬುದನ್ನು ಹೇಳುತ್ತದೆ. ಸುಣ್ಣದ ತಿಳಿಯು ಇಂಗಾಲಾಮ್ಲ ಹೊರಗೆ ಬರುತ್ತಿದೆಯೇ ಎಂಬುದನ್ನು ಹೇಳುತ್ತದೆ. ಇವೆರಡೂ ಒಂದೇ ಮಾತನ್ನು ಹೇಳುತ್ತವೆಂದು ತಿಳಿಯುವುದು ಸಹಜ. ಹಾಗೆ ತಿಳಿಯುವುದರಿಂದಲೇ ಆಸ್ಪತ್ರೆಗಳಲ್ಲಿ ಅನಾಹುತಗಳಾಗುವುದುಂಟು.

ನನ್ನ ಬಾಲ್ಯದ ಗೆಳೆಯನೊಬ್ಬನು ಶಹಾಬಾದಿನ ಕಡೆಯ ಗಣಿಗಳಲ್ಲಿ ಕಲ್ಲು ಸೀಳುತ್ತಿದ್ದನು. ಧೂಳು ಅವನ ಕಸುಬು, ಬೀಡಿ ಅವನ ಖುಷಿ. ಅರುವತ್ತು ದಾಟುವ ಹೊತ್ತಿಗೆ ಶ್ವಾಸಕೋಶಗಳು ಸವೆದಿದ್ದವು. ಒಂದು ಚಳಿಗಾಲದಲ್ಲಿ ಕೆಮ್ಮು ಕಫವಾಗಿ, ಕಫ ಜ್ವರವಾಗಿ, ರಾತ್ರಿ ಅವನನ್ನು ವಾಹನದಲ್ಲಿ ಕಲಬುರಗಿಗೆ ಕರೆತಂದರು. ದಾರಿಯುದ್ದಕ್ಕೂ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟಿದ್ದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು 97 ಎಂದು ತೋರಿಸುತ್ತಿತ್ತು. ಮೊದಲು ಏದುಸಿರು ಬಿಡುತ್ತಿದ್ದವನು ಶಾಂತನಾಗಿ ನಿದ್ದೆ ಹೋದನೆಂದು ಮನೆಯವರಿಗೆ ಸಮಾಧಾನ. ನಾನು ಆಸ್ಪತ್ರೆಯ ಬಾಗಿಲಿನಲ್ಲಿ ಕಾಯುತ್ತಿದ್ದೆ. ತರುಣ ವೈದ್ಯೆಯೊಬ್ಬಳು ಅವನ ಕಣ್ಣುರೆಪ್ಪೆಯನ್ನೆತ್ತಿ ನೋಡಿ, ಕ್ಲಿಪ್ಪಿನ ಅಂಕೆಯತ್ತ ಕಣ್ಣೂ ಹಾಯಿಸದೆ, ಮಣಿಕಟ್ಟಿನಿಂದ ರಕ್ತ ತೆಗೆದು ಕಳುಹಿಸಿದಳು. ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು. ರಕ್ತದಲ್ಲಿ ಇಂಗಾಲಾಮ್ಲದ ಒತ್ತಡವು 40ರ ಆಸುಪಾಸಿನಲ್ಲಿರಬೇಕಾದದ್ದು 90ನ್ನು ಮೀರಿತ್ತು. ಅವನಿಗೆ ಬಂದದ್ದು ನಿದ್ದೆಯಲ್ಲ, ತನ್ನದೇ ಉಸಿರಿನ ಅಮಲು.

ಅವಳು ಬಿಡುವು ಸಿಕ್ಕಾಗ ನನಗೆ ವಿವರಿಸಿದ ಮಾತನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎದೆಯ ತಿದಿ ಸೋತು ಗಾಳಿಯ ಒಳಹೊರಗಿನ ಸಂಚಾರ ಕುಗ್ಗಿದಾಗ, ಆಮ್ಲಜನಕ ಒಳಕ್ಕೆ ಬರುವುದೂ ಕಡಿಮೆಯಾಗಬೇಕು, ಇಂಗಾಲಾಮ್ಲ ಹೊರಕ್ಕೆ ಹೋಗುವುದೂ ಕಡಿಮೆಯಾಗಬೇಕು. ಬರಿಯ ಗಾಳಿಯನ್ನು ಸೇವಿಸುವವನಲ್ಲಿ ಹಾಗೆಯೇ ಆಗುತ್ತದೆ, ಕ್ಲಿಪ್ಪಿನ ಅಂಕೆ ಬೇಗ ಇಳಿದು ಎಚ್ಚರಿಸುತ್ತದೆ. ಆದರೆ ಸಿಲಿಂಡರಿನಿಂದ ಆಮ್ಲಜನಕವನ್ನು ಕೊಟ್ಟರೆ, ಸೋತ ತಿದಿಯು ಎಳೆದ ಅಲ್ಪಸ್ವಲ್ಪ ಗಾಳಿಯೂ ಆಮ್ಲಜನಕದಿಂದ ತುಂಬಿರುವುದರಿಂದ ರಕ್ತ ಕೆಂಪಾಗಿಯೇ ಉಳಿಯುತ್ತದೆ. ಹೊರಗೆ ಹೋಗಬೇಕಾದದ್ದು ಮಾತ್ರ ಒಳಗೇ ಕೂಡುತ್ತ ಹೋಗುತ್ತದೆ. ಅದರ ಮೇಲೆ, ಇಂಥ ಸವೆದ ಶ್ವಾಸಕೋಶಗಳಿಗೆ ಮಿತಿ ಮೀರಿ ಆಮ್ಲಜನಕ ಕೊಟ್ಟರೆ ಇಂಗಾಲಾಮ್ಲ ಇನ್ನೂ ಏರುವುದುಂಟು. ಅಂಥವರಿಗೆ ಕ್ಲಿಪ್ಪಿನ ಅಂಕೆ 88ರಿಂದ 92ರವರೆಗೆ ಇದ್ದರೆ ಸಾಕು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ತಿಳಿನೀರಿನ ಲೋಟವನ್ನು ಯಾರೂ ಹಿಡಿದಿರಲಿಲ್ಲ, ಹಿಡಿಯಲು ಆ ವಾಹನದಲ್ಲಿ ಲೋಟವೂ ಇರಲಿಲ್ಲ.

ತೀವ್ರ ನಿಗಾ ಘಟಕವೆಂಬ ಸಂಸ್ಥೆ ಹುಟ್ಟಿದ್ದೇ ಈ ಗೊಂದಲ ಬಗೆಹರಿದುದರಿಂದ ಎಂದರೆ ಅತಿಶಯವಲ್ಲ. 1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಬಂದು ಹೊಕ್ಕಿತು. ನಮ್ಮ ಈ ತಾಲ್ಲೂಕುಗಳು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಇಡೀ ಮೈಯನ್ನು ಒಳಗೊಳ್ಳುವ ಒಂದೇ ಒಂದು ಉಸಿರಾಟದ ಪೆಟ್ಟಿಗೆ, ಎದೆಗೆ ಕಟ್ಟುವ ಆರು ಕವಚಗಳು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಸಾಯುವವರ ಮೈ ಕೆಂಪಾಗಿ, ಬೆವೆತು, ರಕ್ತದ ಒತ್ತಡ ಏರಿ ಇರುತ್ತಿತ್ತು. ರಕ್ತ ಪರೀಕ್ಷಿಸಿದರೆ ಕ್ಷಾರದ ಅಂಶ ಹೆಚ್ಚಾಗಿ ಕಾಣುತ್ತಿತ್ತು. ಇದೇನೋ ಬಗೆ ತಿಳಿಯದ ಕ್ಷಾರರೋಗವೆಂದು ಹಿರಿಯ ವೈದ್ಯರು ಎಣಿಸಿದರು.

ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನೊಬ್ಬನನ್ನು ಸಲಹೆಗೆ ಕರೆದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿತ್ಯವೂ ಬೇರೆಯವರ ಉಸಿರನ್ನು ಕೈಯಲ್ಲಿ ಹಿಡಿದು ನಡೆಸುವವನಿಗೆ ಬೆವರೂ ಏರಿದ ರಕ್ತದ ಒತ್ತಡವೂ ಪರಿಚಿತ ಲಕ್ಷಣಗಳು. ಇದು ಕ್ಷಾರವಲ್ಲ, ಹೊರಹೋಗದೆ ಉಳಿದ ಇಂಗಾಲಾಮ್ಲ ಎಂದು ಅವನೆಂದನು. ಆಮ್ಲಜನಕವನ್ನು ಕೊಟ್ಟು ರೋಗಿಯ ಬಣ್ಣವನ್ನು ಕಾಪಾಡಿದ್ದೀರಿ, ಉಸಿರನ್ನು ಕಾಪಾಡಿಲ್ಲ ಎಂಬುದು ಅವನ ವಾದದ ತಿರುಳು. 1952ರ ಆಗಸ್ಟ್ 27ರಂದು, ಸಾಯುತ್ತಿದ್ದ 12 ವರ್ಷದ ಹುಡುಗಿಯೊಬ್ಬಳ ಗಂಟಲನ್ನು ಸೀಳಿ ಕೊಳವೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟು, ಹೊರಬರುವ ಇಂಗಾಲಾಮ್ಲವನ್ನು ಉಪಕರಣದಲ್ಲಿ ಅಳೆದು ಎಲ್ಲರೆದುರಿಗೆ ತೋರಿಸಿದನು. ಚೀಲವನ್ನು ಒತ್ತಿದರೆ ಹುಡುಗಿ ಚೇತರಿಸುತ್ತಾಳೆ. ಬಿಟ್ಟು ಹಳೆಯ ಕವಚಕ್ಕೆ ಒಪ್ಪಿಸಿದರೆ ಇಂಗಾಲಾಮ್ಲ ಏರಿ ಮತ್ತೆ ಕೆಡುತ್ತಾಳೆ. ವಾದ ಮುಗಿಯಿತು.

ಆದರೆ ಚೀಲಗಳನ್ನು ಹಗಲೂ ರಾತ್ರಿಯೂ ಒತ್ತುವವರಾರು? ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಹಾಸಿಗೆಗಳ ಪಕ್ಕದಲ್ಲಿ ಕುಳಿತರು. ತಿಂಗಳುಗಟ್ಟಲೆ ನಡೆದ ಈ ಕಾಯಕದಲ್ಲಿ ಸುಮಾರು 1500 ವಿದ್ಯಾರ್ಥಿಗಳ ಕೈ ಸೇರಿತು. ಒಮ್ಮೊಮ್ಮೆ ಎಪ್ಪತ್ತು ರೋಗಿಗಳು ಏಕಕಾಲಕ್ಕೆ ಇವರ ಕೈಯ ಉಸಿರಿನಲ್ಲಿ ಬದುಕಿದ್ದರು. ನೂರಕ್ಕೆ 87ರಷ್ಟಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ವಿದ್ಯಾರ್ಥಿಗಳ ಕೈಗೂ ರೋಗಿಯ ಎದೆಗೂ ನಡುವೆ ಒಂದು ಪುಟ್ಟ ಡಬ್ಬಿ ಇರುತ್ತಿತ್ತು. ಅದರಲ್ಲಿದ್ದುದು ಸೋಡಾ ಸುಣ್ಣ. ಬಂದ ಇಂಗಾಲಾಮ್ಲವನ್ನು ಹೀರಿ ಉಸಿರನ್ನು ಶುದ್ಧಿಮಾಡುವ ಕೆಲಸ ಅದರದು. ಬ್ಲ್ಯಾಕನ ಸುಣ್ಣ ಇನ್ನೂರು ವರ್ಷಗಳ ಮೇಲೆ ರೋಗಿಯ ತಲೆದೆಸೆಗೆ ಬಂದು ಕುಳಿತಿತ್ತು. ಇಂದಿಗೂ ಅರಿವಳಿಕೆಯ ಯಂತ್ರಗಳಲ್ಲಿ ಆ ಬಿಳಿಯ ಹರಳುಗಳು ಇರುತ್ತವೆ. ಹೀರುವ ಶಕ್ತಿ ಮುಗಿದಾಗ, ಅವುಗಳಿಗೆ ಬೆರೆಸಿದ ಬಣ್ಣ ನೇರಳೆಗೆ ತಿರುಗುತ್ತದೆ. ಶಸ್ತ್ರಚಿಕಿತ್ಸೆಗೆ ಮಲಗುವವರು ಕಣ್ಣು ಮುಚ್ಚುವ ಮುನ್ನ ಅತ್ತ ಒಮ್ಮೆ ನೋಡಬಹುದು.

ಈಗಿನ ತಿಳಿನೀರಿನ ಲೋಟಕ್ಕೆ ಕ್ಯಾಪ್ನೋಗ್ರಾಫ್ ಎಂದು ಹೆಸರು. ಅವಕೆಂಪು ಕಿರಣಗಳನ್ನು ಇಂಗಾಲಾಮ್ಲವು ನುಂಗಿಕೊಳ್ಳುತ್ತದೆಂದು 19ನೆಯ ಶತಮಾನದಲ್ಲೇ ಜಾನ್ ಟಿಂಡಾಲ್ ತೋರಿಸಿದ್ದನು. ಅದೇ ತತ್ತ್ವದ ಮೇಲೆ ಈ ಯಂತ್ರ ನಡೆಯುತ್ತದೆ. ಪ್ರತಿಯೊಂದು ಉಸಿರಿಗೂ ತೆರೆಯ ಮೇಲೆ ಒಂದು ಆಕೃತಿ ಮೂಡುತ್ತದೆ. ಉಸಿರು ಎಳೆದುಕೊಳ್ಳುವಾಗ ಗೆರೆ ನೆಲದಲ್ಲಿರುತ್ತದೆ. ಬಿಡತೊಡಗಿದೊಡನೆ ಗೋಡೆಯಂತೆ ನೆಟ್ಟಗೆ ಏರಿ, ಮೇಲೆ ಚಪ್ಪಟೆಯಾಗಿ ಸಾಗಿ, ಮತ್ತೆ ಧಡಕ್ಕನೆ ಇಳಿಯುತ್ತದೆ. ನಮ್ಮ ಸೀಮೆಯ ಮಾಳಿಗೆ ಮನೆಗಳ ಸಾಲನ್ನು ದೂರದಿಂದ ನೋಡಿದ ಹಾಗೆ. ಚಾವಣಿಯ ಕೊನೆಯ ಎತ್ತರ ಆರೋಗ್ಯವಂತನಲ್ಲಿ 35ರಿಂದ 45ರವರೆಗೆ. ನನ್ನ ಗೆಳೆಯನ ಸಾಲಿನಲ್ಲಿ ಮಾಳಿಗೆಗಳಿರಲಿಲ್ಲ. ಒಂದು ಮಗ್ಗುಲಿಗೆ ಓರೆಯಾದ ಜೋಪಡಿಗಳಿದ್ದವು. ಉಬ್ಬಸದಿಂದ ಕಿರಿದಾದ ಗಾಳಿಯ ದಾರಿಗಳು ಒಂದೇ ಸಮನೆ ಬರಿದಾಗದೆ ತಡವರಿಸುವುದರಿಂದ ಗೆರೆ ಹೀಗೆ ಓರೆಯಾಗುತ್ತದಂತೆ. ಕೊಳವೆ ಶ್ವಾಸನಾಳದಲ್ಲಿರದೆ ಅನ್ನನಾಳಕ್ಕೆ ಜಾರಿದರೆ ಮನೆಗಳೇ ಇರುವುದಿಲ್ಲ. ಹೃದಯ ನಿಂತರೆ ಮನೆಗಳು ಕುಸಿಯುತ್ತವೆ, ಏಕೆಂದರೆ ಇಂಗಾಲಾಮ್ಲವನ್ನು ಶ್ವಾಸಕೋಶಕ್ಕೆ ಹೊತ್ತು ತರುವುದು ರಕ್ತ. ಎದೆಯನ್ನು ಒತ್ತುತ್ತಿರುವಾಗ ಅವು ಒಮ್ಮೆಗೇ ಎತ್ತರವಾದರೆ ಹೃದಯ ಮತ್ತೆ ಬಡಿಯಿತೆಂದು ಅರ್ಥ. ಉಸಿರೊಂದೇ ಅಲ್ಲ, ರಕ್ತದ ಓಟವೂ ಒಳಗಿನ ಉರಿಯೂ ಈ ಒಂದು ಗೆರೆಯಲ್ಲಿ ಮಾತನಾಡುತ್ತವೆ.

ದೀಪದ ಪಾತ್ರ ವಹಿಸಿರುವ ಬೆರಳಿನ ಕ್ಲಿಪ್ಪನ್ನು ನಾನು ಹಳಿಯುತ್ತಿಲ್ಲ. ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಅದರ ತತ್ತ್ವವನ್ನು ಕಂಡುಹಿಡಿದಂದಿನಿಂದ ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂಬುದು 2020ರ ಅನಂತರ ಚೆನ್ನಾಗಿ ಚರ್ಚೆಯಾಗಿದೆ. ನಮ್ಮ ಜನಕ್ಕೆ ಅದು ಸಣ್ಣ ಸಂಗತಿಯಲ್ಲ. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು 2020ರ ಮಾರ್ಚಿಯಲ್ಲಿ ಕಲಬುರಗಿಯವರದೇ. ಮರುವರ್ಷ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದಾದ ಸಾವುಗಳು ನಾಡನ್ನೇ ನಡುಗಿಸಿದವು. ಆ ಎರಡು ವರ್ಷಗಳಲ್ಲಿ ಕ್ಲಿಪ್ಪು ಮನೆಮನೆಗೆ ಬಂತು. ಆಮ್ಲಜನಕವನ್ನು ಟನ್ನುಗಳಲ್ಲಿ ಎಣಿಸುವುದನ್ನು ನಾವೆಲ್ಲ ಕಲಿತೆವು. ಎಣಿಸಿದ್ದೆಲ್ಲ ಒಳಗೆ ಹೋಗುವುದನ್ನು. ನಿಮಿಷಕ್ಕೆ ಹತ್ತು ಲೀಟರಿನಂತೆ ಮುಖವಾಡಕ್ಕೆ ಬಿಟ್ಟ ಆಮ್ಲಜನಕದಲ್ಲಿ ಮೈಗೆ ಬೇಕಾಗುವುದು ಕಾಲು ಲೀಟರು. ಜ್ವರವಿದ್ದರೆ ಅದಕ್ಕಿಂತ ತುಸು ಹೆಚ್ಚು.

ಆ ಕಾಲು ಲೀಟರಿನ ಲೆಕ್ಕದಿಂದಲೇ ಇನ್ನೊಂದು ವಿದ್ಯೆ ಬೆಳೆದಿದೆ. ವೈದ್ಯರಿಗೂ ಅದರ ಪರಿಚಯ ಕಡಿಮೆ. ವ್ಯಯವಾದ ಆಮ್ಲಜನಕಕ್ಕೂ ಹೊರಬಂದ ಇಂಗಾಲಾಮ್ಲಕ್ಕೂ ಇರುವ ಪ್ರಮಾಣವು ಒಳಗೆ ಉರಿಯುತ್ತಿರುವ ಸೌದೆ ಯಾವುದೆಂದು ಹೇಳುತ್ತದೆ. ಪಿಷ್ಟವೇ ಉರಿದರೆ ಪ್ರಮಾಣ 1. ಕೊಬ್ಬು ಉರಿದರೆ 0.7. ರೊಟ್ಟಿ ತಿಂದವನ ಉಸಿರೂ ಏಕಾದಶಿಯ ಸಂಜೆಯ ಉಸಿರೂ ಒಂದೇ ಅಲ್ಲ. 1949ರಲ್ಲಿ ಗ್ಲಾಸ್ಗೋದ ವೀರ್ ಎಂಬಾತನು ಈ ಎರಡು ಅಳತೆಗಳಿಂದ ದಿನದ ಕ್ಯಾಲೊರಿಯನ್ನು ಲೆಕ್ಕಹಾಕುವ ಸೂತ್ರವೊಂದನ್ನು ಕೊಟ್ಟನು. 250 ಮತ್ತು 200 ಮಿಲಿಲೀಟರುಗಳ ನಮ್ಮ ಮನುಷ್ಯನಿಗೆ ಅದು ಸುಮಾರು 1740 ಕ್ಯಾಲೊರಿ, ಎಂದರೆ ಅರ್ಧ ಕಿಲೋ ಜೋಳದ ಹಿಟ್ಟು.

ಪ್ರಜ್ಞೆಯಿಲ್ಲದೆ ಮಲಗಿದವನು ಹಸಿವೆಂದು ಹೇಳಲಾರ, ಸಾಕೆಂದೂ ಹೇಳಲಾರ. ಮೂಗಿನ ಕೊಳವೆಯಲ್ಲಿ ಎಷ್ಟು ಉಣಿಸಬೇಕು? ಕಡಿಮೆಯಾದರೆ ಮೈ ತನ್ನ ಸ್ನಾಯುಗಳನ್ನೇ ಸುಟ್ಟುಕೊಳ್ಳುತ್ತದೆ. ಉಸಿರಾಟದ ಸ್ನಾಯುಗಳೂ ಅದರಲ್ಲಿ ಸೇರಿವೆ. ಹೆಚ್ಚಾದರೆ, ಮುಖ್ಯವಾಗಿ ಪಿಷ್ಟ ಹೆಚ್ಚಾದರೆ, ಇಂಗಾಲಾಮ್ಲ ಹೆಚ್ಚಿ ಸೋತ ಎದೆಗೆ ಇನ್ನಷ್ಟು ಹೊರೆ. ಯಂತ್ರದಿಂದ ಬಿಡಿಸಿಕೊಳ್ಳುವುದು ಕಷ್ಟ. ಸುಟ್ಟಗಾಯಗಳಾದವನಲ್ಲಿ ಒಳಗಿನ ಉರಿ ಇಮ್ಮಡಿಯ ಹತ್ತಿರಕ್ಕೂ ಏರಬಹುದು. ಉಸಿರಿನ ಎರಡು ವಾಯುಗಳನ್ನೂ ಅಳೆದು ಹೇಳುವ ಯಂತ್ರಗಳಿವೆ. ಅಳೆಯುವುದೇ ಉತ್ತಮವೆಂದು ಯೂರೋಪಿನ ವೈದ್ಯರ ಮಾರ್ಗಸೂಚಿಗಳೂ ಹೇಳುತ್ತವೆ. ಆದರೆ ಅವು ದುಬಾರಿ, ಹೆಚ್ಚಿನ ಕಡೆ ಇಲ್ಲ. ನನ್ನ ಗೆಳೆಯನಿದ್ದಲ್ಲಿಯೂ ಇರಲಿಲ್ಲ. ಕಿಲೋ ತೂಕಕ್ಕೆ 25 ಕ್ಯಾಲೊರಿ ಎಂಬ ಮೋಟುಲೆಕ್ಕವೇ ಗತಿ. 44 ಕಿಲೋ ತೂಗುತ್ತಿದ್ದವನಿಗೆ ಅದು 1100 ಬಂತು.

ಈ ಮೋಟುಲೆಕ್ಕಗಳು ಯಾರ ಮೈಯ ಅಳತೆಯಿಂದ ಬಂದವು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. 1919ರ ಹ್ಯಾರಿಸ್ ಮತ್ತು ಬೆನೆಡಿಕ್ಟರ ಪ್ರಸಿದ್ಧ ಸೂತ್ರಕ್ಕೆ ಆಧಾರ ಅಮೆರಿಕದ 239 ಜನ. 1985ರಲ್ಲಿ ವಿಶ್ವಸಂಸ್ಥೆಯ ಅಂಗಗಳು ಲೋಕಕ್ಕೆಲ್ಲ ಅನ್ವಯಿಸಿದ ಸೂತ್ರಗಳ ಹಿಂದಿನ ಅಂಕಿಗಳಲ್ಲಿ ಅರ್ಧದ ಹತ್ತಿರ ಇಟಲಿಯವರವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು 1980ರ ದಶಕದಿಂದ ಮುಂದಕ್ಕೆ ನಮ್ಮವರ ಉಸಿರನ್ನೇ ಅಳೆದರು. ಹೊಟ್ಟೆಬಟ್ಟೆಗೆ ಸಾಲದ, ತೂಕ ಕಡಿಮೆಯಾದ ಕೂಲಿಕಾರರೂ ಅವರ ಪರೀಕ್ಷೆಗೆ ಒಳಗಾಗಿದ್ದರು. ಪರದೇಶದ ಸೂತ್ರಗಳು ಭಾರತೀಯರ ವಿಶ್ರಾಂತಿಯ ವ್ಯಯವನ್ನು ಹೆಚ್ಚಾಗಿ ಎಣಿಸುತ್ತವೆಂದು ಕಂಡುಬಂತು. ಇನ್ನೂ ಸ್ವಾರಸ್ಯದ ಸಂಗತಿ: ಬಡಕಲು ಮೈಯ ಒಟ್ಟು ವ್ಯಯ ಕಡಿಮೆಯಾದರೂ, ಕಿಲೋ ತೂಕಕ್ಕೆ ಭಾಗಿಸಿದರೆ ಅದೇ ಹೆಚ್ಚಾಗಿ ಬರುತ್ತದೆ. ಹಸಿವು ತಿಂದುಹಾಕುವುದು ಕೊಬ್ಬನ್ನು, ಸ್ನಾಯುವನ್ನು. ಮಿದುಳು, ಹೃದಯ, ಯಕೃತ್ತುಗಳು ಬಡವನಲ್ಲೂ ತಮ್ಮ ಉರಿಯನ್ನು ತಗ್ಗಿಸುವುದಿಲ್ಲ. ಇದು ಆರೋಗ್ಯವಂತರ ಅಳತೆ, ರೋಗಿಗಳದಲ್ಲ. ಆದರೂ ಕಿಲೋಗೆ ಇಷ್ಟೆಂದು ತೂಗಿ ಉಣಿಸುವ ಲೆಕ್ಕವು, ಗಣಿಯಲ್ಲಿ ದುಡಿದು ಬಡಕಲಾದವನಲ್ಲಿ ಎಲ್ಲಿ ತಪ್ಪಬಹುದೆಂದು ಇದರಿಂದ ಊಹಿಸಬಹುದು. ಅದನ್ನು ತೀರ್ಮಾನಿಸುವ ದಾರಿ ಅವನ ಉಸಿರನ್ನೇ ಕೇಳುವುದು.

ಉಸಿರನ್ನು ಕೇಳುವುದಕ್ಕೂ ಮಿತಿಯುಂಟು. ಒಳಗೆ ಹೋದ ಗಾಳಿಯ ಪರಿಮಾಣವನ್ನು ಯಂತ್ರವು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಸಾಕ್ಷಿಯಾಗಿ ಹಿಡಿಯುತ್ತದೆ. ಸಾರಜನಕ ಮೈಯಲ್ಲಿ ವ್ಯಯವಾಗುವುದಿಲ್ಲ, ಹುಟ್ಟುವುದೂ ಇಲ್ಲ, ಬಂದಷ್ಟೇ ಹೋಗುತ್ತದೆ. ಈ ಉಪಾಯಕ್ಕೆ ಜೆ. ಎಸ್. ಹಾಲ್ಡೇನನ ಹೆಸರಿದೆ. ಉಸಿರಾಟದ ಲಗಾಮು ಇಂಗಾಲಾಮ್ಲದ ಕೈಯಲ್ಲಿದೆಯೆಂದು 1905ರಲ್ಲಿ ತೋರಿಸಿಕೊಟ್ಟ ದೊಡ್ಡ ಮನುಷ್ಯ ಅವನು. ಅವನ ಮಗ ಜೆ. ಬಿ. ಎಸ್. ಹಾಲ್ಡೇನನು 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. ಅವನದೇ ಒಂದು ದೊಡ್ಡ ಕಥೆ. ರೋಗಿಗೆ ಕೊಡುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಅರುವತ್ತನ್ನು ಮೀರಿದರೆ ಸಾಕ್ಷಿ ಹೇಳುವಷ್ಟು ಸಾರಜನಕ ಉಳಿಯುವುದಿಲ್ಲ, ಲೆಕ್ಕ ತಪ್ಪುತ್ತದೆ. ಅತ್ಯಂತ ಕಾಯಿಲೆ ಬಿದ್ದವನ ಅಳತೆಯೇ ಅತ್ಯಂತ ಕಷ್ಟದ್ದು.

ನನ್ನ ಗೆಳೆಯನು ಹನ್ನೊಂದು ದಿನ ಯಂತ್ರದ ಮೇಲಿದ್ದನು. ತೆರೆಯ ಮೇಲಿನ ಜೋಪಡಿಗಳು ಮಾಳಿಗೆಗಳಾಗಲಿಲ್ಲ, ಎತ್ತರ ಮಾತ್ರ ದಿನದಿನಕ್ಕೆ ಇಳಿಯಿತು. ಹನ್ನೆರಡನೆಯ ದಿನ ಕೊಳವೆ ತೆಗೆದಾಗ ಅವನು ಮೊದಲು ಕೇಳಿದ್ದು ಎಲೆಯಡಿಕೆ. ಮನೆಗೆ ಹೋಗಿ ಮೂರು ವರ್ಷ ಬದುಕಿದನು.

ಇನ್ನು ಚಿಂಚೋಳಿಯ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ ಕಲಬುರಗಿಗೆ ರೋಗಿಯನ್ನು ತರುವುದು ಒಂದು ತಾಸಿನ ಆಸುಪಾಸಿನ ಕೆಲಸ. ಚಿಂಚೋಳಿಯಿಂದ ದಾರಿ 80 ಕಿಲೋಮೀಟರಿಗೂ ಹೆಚ್ಚು; ಕಾಡಂಚಿನ ಹಳ್ಳಿಗಳಿಂದ ಇನ್ನೂ ದೂರ. ರೋಗಿಯನ್ನು ಎತ್ತುವಾಗ, ಹೊರಳಿಸುವಾಗ, ತಗ್ಗಿನಲ್ಲಿ ಗಾಲಿ ಇಳಿದಾಗ ಗಂಟಲಿನ ಕೊಳವೆ ಜಾರುವುದು ಅಪರೂಪವಲ್ಲ. ಆಮ್ಲಜನಕ ತುಂಬಿಕೊಂಡ ರಕ್ತವು ಕೆಲವು ನಿಮಿಷ ಕ್ಲಿಪ್ಪನ್ನು ನಂಬಿಸುತ್ತದೆ. ಕ್ಯಾಪ್ನೋಗ್ರಾಫಾದರೆ ಐದಾರು ಉಸಿರಿನೊಳಗೆ ಹೇಳಿಬಿಡುತ್ತದೆ. ಕೊಳವೆಯಿಲ್ಲದೆ, ನನ್ನ ಗೆಳೆಯನಂತೆ ತಾನಾಗಿ ಉಸಿರಾಡುತ್ತಿರುವವನಿಗೆ ಮೂಗಿನ ಬಳಿ ಇಡುವ ಸಣ್ಣ ನಳಿಕೆಯಿಂದಲೂ ಅದನ್ನು ಅಳೆಯಬಹುದು. ಕೈಯಲ್ಲಿ ಹಿಡಿಯುವಂಥ ಯಂತ್ರಗಳು ಬಂದಿವೆ.

ಅದೂ ಇಲ್ಲದ ಕಡೆಗೆ ಇನ್ನೊಂದುಂಟು. ಅಂಗೈಯಲ್ಲಿ ಅಡಗುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಒಳಗೆ ಬಣ್ಣ ಹಚ್ಚಿದ ಒಂದು ಕಾಗದ. ವಿದ್ಯುತ್ತು ಬೇಡ, ತೆರೆ ಬೇಡ. ಗಂಟಲಿನ ಕೊಳವೆಗೂ ಉಸಿರಿನ ಚೀಲಕ್ಕೂ ನಡುವೆ ಸಿಕ್ಕಿಸಿದರೆ ಸಾಕು. ಅರಿಸಿನಕ್ಕೆ ಸುಣ್ಣ ಸೋಕಿದಾಗ ಕೆಂಪಾಗುವುದನ್ನೂ, ಹುಳಿ ಹಿಂಡಿದರೆ ಮತ್ತೆ ಹಳದಿಗೆ ಮರಳುವುದನ್ನೂ ನಮ್ಮ ಮನೆಗಳಲ್ಲಿ ಯಾರು ಕಂಡಿಲ್ಲ? ಇದೂ ಅದೇ ಜಾತಿಯ ಬಣ್ಣ. ಉಸಿರು ಎಳೆದಾಗ ನೇರಳೆ; ಬಿಟ್ಟಾಗ, ಇಂಗಾಲಾಮ್ಲದ ಹುಳಿ ತಗುಲಿ, ಹಳದಿ. ಹೃದಯವೇ ನಿಂತಿರುವಾಗ, ಕೊಳವೆ ಸರಿಯಾಗಿದ್ದರೂ ಬಣ್ಣ ಬದಲಾಗದಿರಬಹುದು. ಒದ್ದೆಯಾದರೆ ಕಾಗದ ಕೆಡುತ್ತದೆ. ಕೆಡದಿದ್ದರೆ ಸುಮಾರು ಎರಡು ತಾಸು ಕೆಲಸ ಮಾಡುತ್ತದೆ. ಚಿಂಚೋಳಿಯಿಂದ ಹೊರಟ ವಾಹನವು ಅಷ್ಟರಲ್ಲಿ ಕಲಬುರಗಿಯನ್ನು ಮುಟ್ಟಿರುತ್ತದೆ.